ವಿಳಾಸವಿಲ್ಲದ ಡಬ್ಬಿ

ನನ್ನ ಮೇಜಿನ ಮೇಲೆ ಒಂದು ಕರಿಯ ಡಬ್ಬಿ ಇದೆ. ಊಟದ ಡಬ್ಬಿಗಿಂತ ಚಿಕ್ಕದು. ಸಾಲಾಗಿ ಎಂಟು ಬಾಯಿ, ಬಾಯಿಗೊಂದು ಹಸಿರು ದೀಪ. ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಮೂಲೆಯಲ್ಲಿ ವರ್ಷಗಟ್ಟಲೆ ದುಡಿದು, ಹೊಸ ಸಾಮಾನು ಬಂದ ಮೇಲೆ ಗುಜರಿಗೆ ಹೊರಟಿತ್ತು. ನಾನು ಎತ್ತಿಕೊಂಡು ಬಂದೆ. ಕೇಳಿದವರಿಗೆ ಯಾವುದಕ್ಕಾದರೂ ಬರುತ್ತದೆ ಎಂದೆ. ಯಾವುದಕ್ಕೂ ಬಂದಿಲ್ಲ. ಮೇಲೆ ಪೆನ್ನಿಟ್ಟರೆ ಜಾರಿ ಬೀಳುತ್ತದೆ. ಆದರೂ ದಿನಾ ಅದರ ಧೂಳು ಒರೆಸುತ್ತೇನೆ, ದೇವರ ಫೋಟೋಗಳಿಗೆ ಆ ಭಾಗ್ಯವಿಲ್ಲ.

ಇದಕ್ಕೆ ಸ್ವಿಚ್ ಎನ್ನುತ್ತಾರೆ. ಫ್ಯಾನು, ಬಲ್ಬು ಹಚ್ಚುವ ಸ್ವಿಚ್ಚಲ್ಲ. ಒಂದು ಕಂಪ್ಯೂಟರಿನ ಮಾತನ್ನು ಇನ್ನೊಂದಕ್ಕೆ ಮುಟ್ಟಿಸುವುದು ಇದರ ಕೆಲಸ. ಹರಪನಹಳ್ಳಿಯ ಒಂದು ಕಾಲೇಜಿನಲ್ಲಿ ನಾನು ಇದನ್ನೇ ಕಲಿಸುತ್ತೇನೆ. ಹುಡುಗರು ನನಗೆ ನೆಟ್‌ವರ್ಕ್ ಮೇಡಂ ಅಂತಾರೆ. ನನ್ನ ಫೋನಿಗೆ ಮಾತ್ರ ನಮ್ಮ ಮನೆಯ ಒಳಕೋಣೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಅದು ಬೇರೆ ಮಾತು.

ಪ್ರತಿವರ್ಷ ಬೋರ್ಡಿನ ಮೇಲೆ ಅದೇ ನಾಲ್ಕು ಚಿತ್ರ ಬರೆಯುತ್ತೇನೆ. ಒಂದು ಉದ್ದ ಗೆರೆಗೆ ಎಲ್ಲ ಕಂಪ್ಯೂಟರು ನೇತುಹಾಕುವುದು ಒಂದು ಬಗೆ. ಉಂಗುರದಂತೆ ಸುತ್ತ ಕೂರಿಸುವುದು ಇನ್ನೊಂದು. ನಡುವೆ ಒಂದು ಡಬ್ಬಿ ಇಟ್ಟು ಎಲ್ಲರನ್ನೂ ಅದಕ್ಕೆ ಕಟ್ಟುವುದು ಮತ್ತೊಂದು. ಎಲ್ಲರಿಂದ ಎಲ್ಲರಿಗೂ ತಂತಿ ಎಳೆಯುವುದು ಕೊನೆಯದು, ಅದು ಭಾರಿ ಖರ್ಚಿನದು. ಹುಡುಗರು ಸ್ಕೇಲು ಇಟ್ಟು ಚಂದವಾಗಿ ಬರೆದುಕೊಳ್ಳುತ್ತಾರೆ. ಆಮೇಲೆ ನನಗೆ ಬಹಳ ಇಷ್ಟವಾದ ಮಾತು ಹೇಳುತ್ತೇನೆ: ತಂತಿ ಹೋಗಿರುವ ದಾರಿ ಬೇರೆ, ಮಾತು ಹೋಗುವ ದಾರಿ ಬೇರೆ. ಒಂದೇ ಬೆಂಚಿನ ಮೇಲೆ ಭುಜಕ್ಕೆ ಭುಜ ಹಚ್ಚಿ ಕೂತ ಎರಡು ಕಂಪ್ಯೂಟರು ನೇರ ಮಾತಾಡುವುದಿಲ್ಲ. ಇದರ ಮಾತು ಮೂಲೆಯ ಡಬ್ಬಿಗೆ ಹೋಗಿ, ಅಲ್ಲಿಂದ ತಿರುಗಿ ಪಕ್ಕದ್ದಕ್ಕೆ ಬರಬೇಕು. ಮಗ್ಗುಲಲ್ಲೇ ಇದ್ದು ಯಾಕ್ರಿ ಇಷ್ಟು ಸುತ್ತು ಎಂದು ಹುಡುಗರು ನಗುತ್ತಾರೆ. ನಾನೂ ನಗುತ್ತೇನೆ. ಅಂಥ ಊರಲ್ಲೇ ಹುಟ್ಟಿ ಬೆಳೆದವಳು ಎಂದು ಹೇಳುವುದಿಲ್ಲ.

ನಮ್ಮೂರು ಕೂಡ್ಲಿಗಿ ಮತ್ತು ಕೊಟ್ಟೂರಿನ ನಡುವೆ. ಗೌಡರ ಹಿತ್ತಿಲ ಗೋಡೆಯಿಂದ ನಮ್ಮ ಕೇರಿಗೆ ಐವತ್ತು ಹೆಜ್ಜೆ. ಅವರ ಮನೆಯಲ್ಲಿ ಒಗ್ಗರಣೆ ಹಾಕಿದರೆ ನಮಗೆ ಸೀನು ಬರುತ್ತಿತ್ತು. ಆದರೆ ಅವರ ಮನೆಯ ಮಾತು ಆ ಐವತ್ತು ಹೆಜ್ಜೆ ದಾಟಿ ಬಂದದ್ದನ್ನು ನಾನು ಕಾಣೆ. ಗೌಡರು ತಳವಾರನಿಗೆ ಹೇಳಬೇಕು, ತಳವಾರ ಊರ ಸುತ್ತು ಹಾಕಿ ಬಂದು ನಮ್ಮ ಕೇರಿಯ ಹಿರಿಯನಿಗೆ ಹೇಳಬೇಕು, ಹಿರಿಯ ನಮ್ಮಪ್ಪನಿಗೆ ಹೇಳಬೇಕು. ನಮ್ಮ ಮಾತು ಅಲ್ಲಿಗೆ ಹೋಗಬೇಕಾದರೂ ಅದೇ ಸುತ್ತು. ಒಗ್ಗರಣೆಯ ಘಾಟಿಗೆ ಮಾತ್ರ ಈ ಕಟ್ಟಳೆ ಇರಲಿಲ್ಲ.

ಅಪ್ಪನ ಹೆಸರು ಹುಲುಗಪ್ಪ. ಊರೊಳಗೆ ಯಾರು ಸತ್ತರೂ ಅವರ ನೆಂಟರಿಷ್ಟರಿಗೆ ಸುದ್ದಿ ಮುಟ್ಟಿಸುವುದು ನಮ್ಮ ಮನೆತನದ ಪಾಲಿಗೆ ಬಂದ ಕೆಲಸ. ಬಸ್ಸಿದ್ದಲ್ಲಿ ಬಸ್ಸು, ಇಲ್ಲದಲ್ಲಿ ಕಾಲು. ಕೈಯಲ್ಲಿ ಒಂದು ಕೋಲು, ಹೆಗಲಿಗೆ ರೊಟ್ಟಿ ಗಂಟು. ಯಾವ ಮನೆಯ ಮಗಳನ್ನು ನೀಲಗುಂದಕ್ಕೆ ಕೊಟ್ಟಿದೆ, ಯಾವ ಮನೆಗೆ ಹಡಗಲಿಯಿಂದ ಸೊಸೆ ಬಂದಿದ್ದಾಳೆ, ಎಲ್ಲ ಅವನ ಬಾಯಲ್ಲಿತ್ತು. ಅಕ್ಷರ ಬಾರದ ಮನುಷ್ಯ. ಈ ನನ್ನ ಡಬ್ಬಿಯೂ ಯಾವ ಬಾಯಲ್ಲಿ ಯಾರಿದ್ದಾರೆಂದು ನೆನಪಿಟ್ಟುಕೊಳ್ಳುತ್ತದೆ, ಆದರೆ ಕರೆಂಟು ಹೋದರೆ ಎಲ್ಲ ಮರೆಯುತ್ತದೆ. ಅಪ್ಪ ಕುಡಿದಾಗಲೂ ಮರೆಯುತ್ತಿರಲಿಲ್ಲ.

ಸುದ್ದಿ ಹೇಳುವುದಕ್ಕೂ ರೀತಿ ಇತ್ತು. ಹೊಸ್ತಿಲಿಂದ ದೂರ ನಿಲ್ಲಬೇಕು. ಸತ್ತರು ಅನ್ನಬಾರದು, ಶಿವನ ಪಾದ ಸೇರಿದರು ಅನ್ನಬೇಕು. ಕೇಳಿದವರು ಅಳುವುದನ್ನು ನೋಡುತ್ತ ನಿಲ್ಲಬಾರದು, ನೆಲ ನೋಡಬೇಕು. ನಾನೂ ಚಿಕ್ಕಪ್ಪನ ಮಕ್ಕಳೂ ಇದನ್ನು ಆಟ ಮಾಡಿಕೊಂಡಿದ್ದೆವು. ನಾನೇ ಅಪ್ಪ. ಒಂದು ದಿನ ಕೋಲು ಹಿಡಿದು ಕೋಳಿ ಗೂಡಿನ ಮುಂದೆ ನಿಂತು, ನಿಮ್ಮ ಹುಂಜ ಶಿವನ ಪಾದ ಸೇರೇತ್ರಿ ಎಂದು ತಲೆ ತಗ್ಗಿಸಿದೆ. ಅವ್ವ ಕಸಬರಿಗೆ ತೆಗೆದುಕೊಂಡು ಅಟ್ಟಿಸಿಕೊಂಡು ಬಂದಳು. ಅಪ್ಪ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದವನು, "ನಿಂತಿದ್ದು ಬರೋಬರಿ ಐತಿ. ಇನ್ನೊಂದು ಹೆಜ್ಜಿ ಹಿಂದ ನಿಂದ್ರಬೇಕು" ಎಂದು ತಿದ್ದಿದ. ನನಗೆ ಸಿಕ್ಕ ಮೊದಲ ಪಾಠ ಅದು. ಈಗಲೂ ಪ್ರಿನ್ಸಿಪಾಲರ ಕೋಣೆಯಲ್ಲಿ ನಾನು ನಿಲ್ಲುವ ಜಾಗ ನೋಡಿದರೆ ಚೆನ್ನಾಗಿಯೇ ಕಲಿತಿದ್ದೇನೆ ಅನಿಸುತ್ತದೆ.

ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಹೆಂಗಸರ ಸಾವಿನದು. ಮದುವೆಯಾದ ಹೆಣ್ಣು ಸತ್ತರೆ ಮೊದಲ ಸುದ್ದಿ ಅವಳ ತವರಿಗೆ. ದಾರಿಯಲ್ಲಿ ಬೇರೆ ಎಷ್ಟು ನೆಂಟರ ಮನೆ ಬಂದರೂ ತವರಿನ ಬಾಗಿಲು ಮುಟ್ಟುವ ತನಕ ಬಾಯಿ ಬಿಡಬಾರದು. ತವರಿನವರು ಸೀರೆ ತರುತ್ತಾರೆ. ಅದನ್ನು ಹೊದಿಸಿದ ಮೇಲೆಯೇ ಹೆಣ ಎತ್ತುವುದು. ಇನ್ನೂ ಒಂದು ಮಾತು: ಮುಟ್ಟಿಸದ ಸುದ್ದಿ ಹೊತ್ತವನು ಹಾದಿಯಲ್ಲಿ ಯಾರ ಮನೆಯಲ್ಲೂ ಕೂರಬಾರದು, ಸ್ವಂತ ಅತ್ತೆ ಮನೆಯಾದರೂ ಸರಿ. ಕೂತರೆ ಆ ಮನೆಗೆ ಒಳ್ಳೆಯದಲ್ಲ ಎಂದು ಅಪ್ಪ ಗಟ್ಟಿಯಾಗಿ ನಂಬಿದ್ದ.

ನನಗೆ ಎಂಟು ವರ್ಷವಿದ್ದಾಗ, ನಾಗರ ಪಂಚಮಿ ಹತ್ತಿರ ಬಂದಿತ್ತು, ಗೌಡರ ಮನೆಯ ದೊಡ್ಡ ಗೌಡಶಾನಿ ತೀರಿಕೊಂಡರು. ಅವರ ತವರು ಹಿರೇಹಡಗಲಿ. ಹೊತ್ತು ಮೂಡುವ ಮೊದಲೇ ಅಪ್ಪ ಹೊರಟ. ಅವ್ವ ರೊಟ್ಟಿ ಕಟ್ಟಿಕೊಟ್ಟಳು. ಕೊಟ್ಟೂರಿಗೆ ನಡೆದು, ಅಲ್ಲಿಂದ ಹಗರಿಬೊಮ್ಮನಹಳ್ಳಿಗೆ ಬಸ್ಸು ಹಿಡಿದು, ತಂಬ್ರಹಳ್ಳಿ ದಾಟಿ ಹಡಗಲಿಯ ಕಡೆ ಹೋಗಬೇಕು. ತಂಬ್ರಹಳ್ಳಿ ನನ್ನ ಅವ್ವ ಗಾಳೆಮ್ಮನ ತವರೂರು. ಬಸ್ಸು ನಿಲ್ಲುವಲ್ಲಿಂದ ಅವರ ಮನೆಯ ಬಾಗಿಲು ಕಾಣುತ್ತದೆ. ಸುದ್ದಿ ಹೊತ್ತಿದ್ದರಿಂದ ಅಪ್ಪ ಆ ಕಡೆ ಮುಖ ಕೂಡ ಹಾಕಲಿಲ್ಲವಂತೆ.

ಆವತ್ತೇ ಮಧ್ಯಾಹ್ನ ಅವ್ವನಿಗೆ ವಾಂತಿಭೇದಿ ಹಿಡಿಯಿತು. ಆಸ್ಪತ್ರೆಗೆ ಒಯ್ಯೋಣವೆಂದರೆ ಕೇರಿಯ ಗಂಡಸರೆಲ್ಲ ಗೌಡರ ಮನೆಯಲ್ಲಿ. ಕೆಲವರು ಕುಣಿ ತೋಡಲು, ಕೆಲವರು ಹಲಗೆ ಬಾರಿಸಲು, ಕೆಲವರು ಅಡುಗೆಗೆ ಕಟ್ಟಿಗೆ ಒಡೆಯಲು. ಚಿಕ್ಕಮ್ಮ ಉಪ್ಪು ಬೆಲ್ಲದ ನೀರು ಕುಡಿಸುತ್ತಲೇ ಇದ್ದಳು. ಹೊತ್ತು ಮುಳುಗುವಾಗ ಅವ್ವ ಹೋದಳು. ನಮ್ಮ ಕೇರಿಯಲ್ಲಿ ಶಿವನ ಪಾದ ಇತ್ಯಾದಿ ಇಲ್ಲ, ಹೋದಳು ಅಷ್ಟೆ.

ಈಗ ಅವಳ ತವರಿಗೆ ಸುದ್ದಿ ಮುಟ್ಟಿಸಬೇಕು. ಸುದ್ದಿ ಮುಟ್ಟಿಸುವವನೇ ಊರಲ್ಲಿಲ್ಲ. ಒಬ್ಬನನ್ನಾದರೂ ಬಿಟ್ಟುಕೊಡಿ ಎಂದು ಕೇಳಲು ಚಿಕ್ಕಪ್ಪ ಹೋದ. ಅವನ ಮಾತು ಹಿರಿಯನ ಬಾಯಿಂದ ತಳವಾರನಿಗೆ, ತಳವಾರನಿಂದ ದೊಡ್ಡ ಮನೆಗೆ ಹೋಗಿ, ಅದೇ ದಾರಿಯಲ್ಲಿ ತಿರುಗಿ ಬಂತು. ಬಂದ ಉತ್ತರ ಇದು: "ಹುಲುಗಪ್ಪ ಹೆಂಗೂ ಆ ದಾರಿ ಹಿಡದ ಹೋಗ್ಯಾನಲ್ಲ. ಅವರಿಗೆ ತಿಳೀತೈತಿ ಬಿಡು."

ಈ ಮಾತನ್ನು ನಾನು ಇಷ್ಟು ವರ್ಷ ತಿರುಗಿಸಿ ಮುರುಗಿಸಿ ನೋಡಿದ್ದೇನೆ. ಹೇಳಿದವರು ಕೆಟ್ಟವರಲ್ಲ ಎಂದು ನಂಬಲು ಪ್ರಯತ್ನಪಟ್ಟಿದ್ದೇನೆ. ಅವರ ಲೆಕ್ಕದಲ್ಲಿ ಹುಲುಗಪ್ಪ ಹೋದನೆಂದರೆ ಸುದ್ದಿ ಹೋಯಿತು. ಆತ ಬೆಳಿಗ್ಗೆ ಹೊರಟ, ಅವನ ಹೆಂಡತಿ ಸಂಜೆ ಸತ್ತಳು, ಹೋದವನಿಗೆ ಅದು ಗೊತ್ತಾಗುವ ಬಗೆ ಹೇಗೆಂದು ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಮಾತು ಒಯ್ಯುವವನಿಗೂ ಒಂದು ಮಾತು ಹೇಳಬೇಕಾಗಬಹುದು ಎಂಬುದು ಆ ಊರಿನ ಕಟ್ಟಿನಲ್ಲೇ ಇರಲಿಲ್ಲ. ನನಗೆ ಸಿಟ್ಟು ಇಳಿದಿಲ್ಲ, ಇಳಿಯುವುದೂ ಬೇಡ.

ಒಂದೇ ಊರಲ್ಲಿ ಎರಡು ಹೆಣ ಇಟ್ಟುಕೊಂಡು ಕೂರಲಾಗದು ಎಂದರು. ಗೌಡಶಾನಿಯದು ತವರಿಗಾಗಿ ಕಾಯಬೇಕಿತ್ತು, ಅವ್ವನದು ಕಾಯುವಂತಿರಲಿಲ್ಲ. ಬೆಳಕು ಹರಿಯುತ್ತಲೇ ಮಣ್ಣು ಮಾಡಿದರು. ಹೊದಿಸಲು ತವರಿನ ಸೀರೆ ಇಲ್ಲ. ಚಿಕ್ಕಮ್ಮ ತನ್ನದೇ ಒಂದು ಸೀರೆ ತಂದಳು. ಅದಕ್ಕೆ ಒಂದು ತೇಪೆ ಇತ್ತು, ಆ ತೇಪೆ ಒಳಗೆ ಬರುವಂತೆ ಮಡಚಿದಳು. ಮಣ್ಣು ಎಳೆದ ಕೈ ತೊಳೆದುಕೊಂಡು ಗಂಡಸರು ಗೌಡರ ಮನೆಯ ಕೆಲಸಕ್ಕೆ ಹೋದರು.

ಅತ್ತ ಹಿರೇಹಡಗಲಿಯವರಿಗೆ ಅಪ್ಪ ಸರಿಯಾದ ಹೊತ್ತಿಗೆ ಸುದ್ದಿ ಮುಟ್ಟಿಸಿದ್ದ. ಅವರು ಸೀರೆ ತೆಗೆದುಕೊಂಡು ಅಂದೇ ಸಂಜೆ ಜೀಪಿನಲ್ಲಿ ಹೊರಟರು. ಜೀಪಿನ ಹಿಂದೆ ಜಾಗವಿತ್ತಂತೆ. ಬಾ ಎಂದು ಅವರು ಅನ್ನಲಿಲ್ಲ, ಬರಲೇ ಎಂದು ಇವನು ಕೇಳಲಿಲ್ಲ. ಕೇಳಿದ್ದರೆ ಅವ್ವನ ಮುಖ ಸಿಗುತ್ತಿತ್ತು. ಮೊರದ ತುಂಬ ಜೋಳ ಕೊಟ್ಟರು, ಕಟ್ಟಿಕೊಂಡ. ಮರುದಿನ ಹಡಗಲಿಯ ಆಚೀಚೆ ಉಳಿದ ಮನೆಗಳಿಗೆಲ್ಲ ಹೇಳಿ ಮುಗಿಸಿ, ಹೊತ್ತು ಇಳಿಯುವಾಗ ತಂಬ್ರಹಳ್ಳಿಯಲ್ಲಿ ಇಳಿದ. ಈಗ ಅವನ ತಲೆಯ ಮೇಲೆ ಯಾವ ಸುದ್ದಿಯೂ ಇರಲಿಲ್ಲ. ಅತ್ತೆ ಮನೆಯಲ್ಲಿ ಕೂರಬಹುದಾಗಿತ್ತು.

ಅಜ್ಜಿ ಬಿಸಿ ರೊಟ್ಟಿ ಬಡಿದಳು. ಮಗಳು ಹೇಗಿದ್ದಾಳೆ ಎಂದು ಕೇಳಿದಳು. ಅಪ್ಪ ಉಣ್ಣುತ್ತ, "ಆರಾಮ ಅದಾಳ್ರಿ. ಹೊಲದ ಕೆಲಸ ಐತಿ, ಈ ಪಂಚಮಿಗಿ ಕಳಸಾಕ ಆಗಂಗಿಲ್ಲ" ಎಂದ. ಅಜ್ಜಿ ಬೇಸರ ಮಾಡಿಕೊಂಡಳು. ಬೆಳಿಗ್ಗೆ ಹೊರಡುವಾಗ, ಮಗಳಿಗೆಂದು ತಂದಿಟ್ಟಿದ್ದ ಪಂಚಮಿಯ ಸೀರೆಯನ್ನೂ ನಾಲ್ಕು ಶೇಂಗಾ ಉಂಡಿಯನ್ನೂ ಅವನ ಕೈಯಲ್ಲೇ ಕೊಟ್ಟು ಕಳಿಸಿದಳು. ಹಸಿರು ಸೀರೆ, ಕೆಂಪು ಅಂಚು.

ಅಪ್ಪನಿಗೆ ಸುದ್ದಿ ಹೇಳಿದವಳು ನಾನು. ದೊಡ್ಡವರು ಯಾರೂ ಮುಂದೆ ಬರಲಿಲ್ಲ. ಕೇರಿಯ ಬಾಯಲ್ಲಿ ಅವನು ಕಂಡ, ಜೋಳದ ಗಂಟು, ಕೋಲು, ಬಗಲಲ್ಲಿ ಸೀರೆಯ ಚೀಲ. ನಾನು ಓಡಿಹೋದೆ. ಆದರೆ ತಬ್ಬಿಕೊಳ್ಳಲಿಲ್ಲ. ಹೇಗೆ ಹೇಳಬೇಕೆಂದು ಆಟದಲ್ಲಿ ಕಲಿತಿದ್ದೆನಲ್ಲ, ಒಂದು ಹೆಜ್ಜೆ ಹಿಂದೆ ನಿಂತು, ನೆಲ ನೋಡುತ್ತ, "ಅವ್ವ ಶಿವನ ಪಾದ ಸೇರ್ಯಾಳ್ರಿ" ಎಂದೆ. ಹೆತ್ತಪ್ಪನಿಗೆ ರಿ ಹಚ್ಚಿ ಮಾತಾಡಿದ್ದು ಅದೊಂದೇ ಸಲ. ಅವನು ನಕ್ಕುಬಿಟ್ಟ, ಆಟವೆಂದುಕೊಂಡು. ಆಮೇಲೆ ನನ್ನ ಹಿಂದೆ ನಿಂತ ಚಿಕ್ಕಮ್ಮನ ಮುಖ ನೋಡಿದ. ಜೋಳದ ಗಂಟು ಬಿಚ್ಚಿಕೊಂಡು ಕಾಳೆಲ್ಲ ಮಣ್ಣಿಗೆ ಬಿತ್ತು. ಕೋಳಿಗಳಿಗೆ ಹಬ್ಬವಾಯಿತು.

ಮರುದಿನ ನನ್ನ ಕೈ ಹಿಡಿದುಕೊಂಡು ತಂಬ್ರಹಳ್ಳಿಗೆ ಹೊರಟ. ಅಜ್ಜಿಯ ಮನೆಯಲ್ಲಿ ನಾನು ಯಾವಾಗಲೂ ನೇರ ಒಲೆಯ ತನಕ ಓಡುವವಳು. ಆವತ್ತು ಅಪ್ಪ ಹೊಸ್ತಿಲಿಂದ ದೂರದಲ್ಲೇ ನಿಂತುಬಿಟ್ಟ, ಗೌಡರ ನೆಂಟರ ಮನೆ ಮುಂದೆ ನಿಲ್ಲುವ ಹಾಗೆ. ನನ್ನನ್ನೂ ಬಿಡಲಿಲ್ಲ. ಇದ್ದದ್ದನ್ನು ರೀತಿ ಪ್ರಕಾರ ಹೇಳಿದ. ಅಜ್ಜಿ ಅಳಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ಅವನನ್ನೇ ನೋಡಿದಳು.

"ಮೊನ್ನಿ ಬಂದು ರೊಟ್ಟಿ ತಿಂದು ಹೇಳಿ ಹೋದಿಯಲ್ಲಪ್ಪಾ," ಎಂದಳು, "ಅದು ಯಾರ ಮಗಳ ಸುದ್ದಿ?"

ಅಷ್ಟೇ. ಬಾಗಿಲು ಹಾಕಿಕೊಂಡಳು. ಸುಳ್ಳು ಸುದ್ದಿ ಹೇಳಿದವನು ಎಂಬ ಹೆಸರು ಅಪ್ಪನಿಗೆ ಆ ಒಂದು ಮನೆಯಲ್ಲಿ ಉಳಿಯಿತು. ಮುಂದೆ ಅವನ ಬಸ್ಸು ನೂರು ಸಲ ತಂಬ್ರಹಳ್ಳಿಯ ಮೇಲೆ ಹೋಗಿರಬಹುದು, ಕೆಲಸ ಅವನು ಬಿಡಲಿಲ್ಲ, ಬಿಡುವಂತೆಯೂ ಇರಲಿಲ್ಲ. ಇಳಿಯಲಿಲ್ಲ ಮಾತ್ರ. ಅಜ್ಜಿ ಸತ್ತಾಗ ನಮಗೂ ಯಾರೂ ಹೇಳಿ ಕಳಿಸಲಿಲ್ಲ.

ಸೀರೆ ಮಾತ್ರ ಟ್ರಂಕಿನಲ್ಲಿ ಉಳಿಯಿತು. ಬದುಕಿದ ಮಗಳಿಗೆಂದು ಕೊಟ್ಟದ್ದು, ಸತ್ತವಳಿಗೆ ಮುಟ್ಟಬೇಕಾಗಿತ್ತು, ಎರಡೂ ಆಗಲಿಲ್ಲ. ಚಿಕ್ಕಮ್ಮ ಉಡಲು ಹೆದರಿದಳು. ನನ್ನ ಮದುವೆಯಲ್ಲಿ ಉಡು ಎಂದು ಅಪ್ಪ ಹೇಳಲಿಲ್ಲ, ನಾನು ಕೇಳಲಿಲ್ಲ. ತಲುಪಬೇಕಾದ ವಿಳಾಸ ಇಲ್ಲವಾದ ಮಾತಿನ ಪ್ಯಾಕೆಟ್ಟನ್ನು ನೆಟ್‌ವರ್ಕು ಸ್ವಲ್ಪ ಹೊತ್ತು ನೋಡಿ ಬಿಸಾಡಿಬಿಡುತ್ತದೆ ಎಂದು ಪಾಠ ಮಾಡುವಾಗ ನನಗೆ ಆ ಟ್ರಂಕು ನೆನಪಾಗುತ್ತದೆ. ನಮಗೆ ಬಿಸಾಡಲು ಬರಲಿಲ್ಲ.

ಊರಿಗೆ ಫೋನು ಬಂತು. ಅಪ್ಪನ ಕೆಲಸ ಮುಗಿಯಿತು. ಮುಗಿಯಿತು ಎಂದು ಅವನಿಗೂ ಯಾರೂ ಹೇಳಲಿಲ್ಲ. ಊರೊಳಗೆ ಅಳುವ ದನಿ ಕೇಳಿದರೆ ಅಂಗಿ ತೊಟ್ಟು, ಕೋಲು ಹಿಡಿದು ಕಟ್ಟೆಯ ಮೇಲೆ ಕೂರುತ್ತಿದ್ದ. ಯಾರೂ ಕರೆಯದೆ ಸಂಜೆಯಾಗುತ್ತಿತ್ತು. ಅಂಗಿ ಬಿಚ್ಚಿ ಗೂಟಕ್ಕೆ ಹಾಕುತ್ತಿದ್ದ. ಇದನ್ನು ನಾಲ್ಕೈದು ಸಲ ನೋಡಿ, ನನಗೆ ಕೆಲಸ ಸಿಕ್ಕ ಮೇಲೆ ಹರಪನಹಳ್ಳಿಗೆ ಕರೆದುಕೊಂಡು ಬಂದೆ. ಈಗ ನಮ್ಮೂರಿಗೆ ಒಂದು ವಾಟ್ಸಾಪ್ ಗುಂಪಿದೆ. ಸತ್ತವರ ಫೋಟೋಕ್ಕೆ ಹೂವಿನ ಚೌಕಟ್ಟು ಹಾಕಿ ಬಿಡುತ್ತಾರೆ, ತವರು ಮೊದಲು ಎಂಬುದೇನೂ ಇಲ್ಲ, ಎಲ್ಲರಿಗೂ ಒಂದೇ ಏಟಿಗೆ. ಅಪ್ಪ ಅದನ್ನು ನನ್ನ ಫೋನಿನಲ್ಲಿ ನೋಡಿ, ಇವರೆಲ್ಲ ಎಷ್ಟು ದೂರ ನಿಂತು ಹೇಳ್ಯಾರ ಎಂದು ಕೇಳಿದ್ದ.

ಕಳೆದ ವರ್ಷ ಶಿಲ್ಪಾ ಎಂಬ ವಿದ್ಯಾರ್ಥಿನಿ ಈ ಡಬ್ಬಿ ತೋರಿಸಿ ಒಂದು ಪ್ರಶ್ನೆ ಕೇಳಿದಳು. ಲ್ಯಾಬಿನ ಎಲ್ಲ ಕಂಪ್ಯೂಟರಿಗೂ ಒಂದೊಂದು ವಿಳಾಸವಿದೆ. ಎಲ್ಲರ ಮಾತೂ ಇದರ ಹೊಟ್ಟೆಯಲ್ಲೇ ಹಾಯ್ದು ಹೋಗುತ್ತದೆ. ಹಾಗಿದ್ದರೆ ಈ ಡಬ್ಬಿಗೇ ಏನಾದರೂ ಹೇಳಬೇಕೆಂದರೆ ಯಾವ ವಿಳಾಸಕ್ಕೆ ಕಳಿಸಬೇಕು? ಒಳ್ಳೆಯ ಪ್ರಶ್ನೆ. ದುಬಾರಿ ಡಬ್ಬಿಗಳಿಗೆ ವಿಳಾಸ ಕೊಡಬಹುದು, ಇಂಥ ಅಗ್ಗದವಕ್ಕೆ ಇಲ್ಲ. ಇದು ನೆಟ್‌ವರ್ಕಿನ ನಟ್ಟನಡುವೆ ಇದೆ, ನೆಟ್‌ವರ್ಕಿನಲ್ಲಿ ಮಾತ್ರ ಇಲ್ಲ. ಇಷ್ಟು ಹೇಳುವ ಬದಲು, ಅದಕ್ಕ ಯಾರೂ ಏನೂ ಹೇಳಂಗಿಲ್ಲ, ಸುಮ್ನೆ ಬರಕೋ ಎಂದು ಆ ಹುಡುಗಿಯನ್ನು ಗದರಿಬಿಟ್ಟೆ. ಅವಳಿಗೆ ಇನ್ನೂ ಕ್ಷಮೆ ಕೇಳಿಲ್ಲ.

ಅದಾದ ಕೆಲವು ವಾರಕ್ಕೆ ಲ್ಯಾಬಿನಲ್ಲಿ ಆನ್‌ಲೈನ್ ಪರೀಕ್ಷೆ ಬಂತು. ಬೆಳಿಗ್ಗೆ ಅಪ್ಪನ ಜೊತೆ ಚಹಾ ಕುಡಿದು ಹೊರಟೆ. ಎದೆ ಸ್ವಲ್ಪ ಬಿಗಿದಂಗ ಐತಿ ಅಂದ, ಸಂಜೆ ಡಾಕ್ಟರ ಹತ್ತಿರ ಹೋಗೋಣ ಅಂದೆ. ಪರೀಕ್ಷೆಯ ದಿನ ಎಲ್ಲರ ಫೋನೂ ಬಂದ್ ಮಾಡಿ ಬಾಗಿಲ ಬಳಿಯ ಬುಟ್ಟಿಗೆ ಹಾಕಬೇಕು, ನನ್ನದೂ. ನಾನು ಡಬ್ಬಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಮೂರು ತಾಸು ಒಂದು ದೀಪವೂ ಆರಲಿಲ್ಲ. ಯಾರ ಒಂದು ಉತ್ತರವೂ ಹಾದಿಯಲ್ಲಿ ಕಳೆಯಲಿಲ್ಲ. ನನಗೆ ಹೆಮ್ಮೆಯೇ ಅನಿಸಿತು, ನಾಚಿಕೆ ಬಿಟ್ಟು ಹೇಳುತ್ತೇನೆ.

ಮುಗಿಸಿ ಹೊರಗೆ ಬಂದಾಗ ಜೊತೆಯ ಮೇಷ್ಟ್ರೊಬ್ಬರು, ನಿಮ್ಮ ತಂದೆ ಹೇಗಿದ್ದಾರೆ ಎಂದು ಕೇಳಿದರು. ಆರಾಮ ಅದಾರ್ರಿ ಅಂದೆ. ಆಮೇಲೆ ಬುಟ್ಟಿಯಿಂದ ಫೋನು ತೆಗೆದುಕೊಂಡೆ.

ಪಕ್ಕದ ಮನೆಯ ಜೈತುನಬಿ ಫೋನು ಹತ್ತದೆ ಕಾಲೇಜಿನ ಗೇಟಿಗೇ ಬಂದಿದ್ದರಂತೆ. ಗೇಟಿನವನು ಒಳಗೆ ಬಿಟ್ಟಿಲ್ಲ. "ಪರೀಕ್ಷೆ ಮುಗೀಲಿ, ಆಮೇಲೆ ಹೆಂಗೂ ತಿಳಿಯುತ್ತಲ್ಲ ಬಿಡ್ರಿ" ಅಂದನಂತೆ. ಅಪ್ಪ ಜೈತುನಬಿಯವರ ತೊಡೆಯ ಮೇಲೆ ತಲೆಯಿಟ್ಟು ಹೋಗಿ ಎರಡು ತಾಸಾಗಿತ್ತು. ಆರಾಮ ಅದಾರ ಎಂದು ನಾನು ಹೇಳಿದ್ದು ಯಾರಪ್ಪನ ಸುದ್ದಿಯೋ ಗೊತ್ತಿಲ್ಲ.

ಊರಿಗೆ ಒಯ್ದು ಅವ್ವನ ಮಗ್ಗುಲಲ್ಲೇ ಕುಣಿ ತೋಡಿಸಿದೆ. ವಾಟ್ಸಾಪ್ ಗುಂಪಿನಲ್ಲಿ ಬಹಳ ಜನ ಕೈ ಮುಗಿದರು. ಅವರ ಮನೆಗಳ ಸಾವಿನ ಸುದ್ದಿಯನ್ನೆಲ್ಲ ಅಪ್ಪ ನಡೆದು ಹೋಗಿ ಮುಟ್ಟಿಸಿದ್ದ. ಊರೊಳಗಿನಿಂದ ಒಬ್ಬರೂ ಬರಲಿಲ್ಲ. ಮಣ್ಣು ಎಳೆಯುವ ಮುಂಚೆ ಟ್ರಂಕಿನಿಂದ ತಂದಿದ್ದ ಹಸಿರು ಸೀರೆಯನ್ನು ಮಡಿಕೆ ಬಿಚ್ಚದೆ ಅವನ ಬಗಲಲ್ಲಿ ಇಟ್ಟೆ. ಈ ಸಲ ಒಂದು ಹೆಜ್ಜೆ ಹಿಂದೆ ನಿಲ್ಲಲಿಲ್ಲ. ಕಿವಿಯ ಹತ್ತಿರ ಬಗ್ಗಿ, "ಹಾದ್ಯಾಗ ಎಲ್ಲೂ ಕುಂದ್ರಬ್ಯಾಡಪ್ಪ" ಅಂದೆ.